ಪೂಜೆಗಿಟ್ಟ ಬಂದೂಕು

ದಾವಣಗೆರೆ ಪಕ್ಕದ ಬಾತಿ ಊರಿನ ಗುತ್ತೆಪ್ಪನ ಮೆಕ್ಕೆಜೋಳಕ್ಕೆ ಹಂದಿ ಕಾಟ. ಅದಕ್ಕೆಂದೇ ಅವನಪ್ಪನ ಕಾಲದಿಂದ ಮನೆಯಲ್ಲೊಂದು ಲೈಸೆನ್ಸಿನ ಬಂದೂಕು. ಹಂದಿಗಳು ಅದಕ್ಕೆ ಹೆದರಿದ್ದನ್ನು ಯಾರೂ ಕಂಡಿಲ್ಲ, ಗುತ್ತೆಪ್ಪನ ಮೀಸೆ ಮಾತ್ರ ಸದಾ ಮೇಲೆ. ವರ್ಷವಿಡೀ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಬಂದೂಕು ಆಯುಧಪೂಜೆಗೆ ಹೊರಗೆ ಬರುತ್ತದೆ. ಕುಡಗೋಲು, ಕೊಡಲಿಗಳ ಜತೆ ದೇವರ ಜಗುಲಿಯ ಮೇಲೆ ವಿಭೂತಿ, ಚೆಂಡುಹೂ ಏರಿಸಿಕೊಂಡು ಕೂಡುತ್ತದೆ. ಪಕ್ಕದ ಡಬ್ಬಿಯಲ್ಲಿ ಆರು ಗುಂಡು, ಅವಕ್ಕೂ ಕುಂಕುಮ. ಪೂಜೆಗಿಟ್ಟದ್ದನ್ನು ದಶಮಿಯ ತನಕ ಯಾರೂ ಕದಲಿಸಬಾರದು. ಅದು ಆ ಮನೆಯ ಪದ್ಧತಿ.

ಈ ಸಲ ಸೊಸೆ ಭುವನೇಶ್ವರಿ ಆ ಜಗುಲಿಯತ್ತ ಮತ್ತೆ ಮತ್ತೆ ನೋಡುತ್ತಿದ್ದಳು. ಗಂಡ ಹಾಲಸ್ವಾಮಿ ಹರಿಹರದ ಒಂದು ಕಾರ್ಖಾನೆಯಲ್ಲಿ ಮಿಷನ್ ನಡೆಸುತ್ತಾನೆ. ವಾರದ ಹಿಂದೆ ಮಿಷನ್ ಕೆಟ್ಟಿತೆಂದು ಸೂಪರ್‌ವೈಸರ್ ಅವನನ್ನು ಎಲ್ಲರೆದುರು ಎರಡು ತಾಸು ಗೇಟಿನಲ್ಲಿ ನಿಲ್ಲಿಸಿದ್ದ. ಅಂದಿನಿಂದ ಹಾಲಸ್ವಾಮಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮಾತಂತೂ ಇಲ್ಲವೇ ಇಲ್ಲ.

ಹಬ್ಬದ ಬೆಳಿಗ್ಗೆ ಆರತಿ ಮುಗಿದ ಮೇಲೆ ಅವನು ಬಾಯಿಬಿಟ್ಟ.

"ಸಂಜೆ ಫ್ಯಾಕ್ಟರಿ ಪೂಜೆ ಐತೆ. ಎರಡು ಗಂಟೆ ಬಸ್ಸಿಗೆ ಹೋಗ್ತೀನಿ. ಒಂದು ಉದ್ದನೆ ಗೋಣಿಚೀಲ ಕೊಡು, ಬಾಳೆಕಂದು ಕಟ್ಟಬೇಕು."

"ಆ ಸೂಪರ್‌ವೈಸರ್‌ಗೂ ಒಂದು ನಮಸ್ಕಾರ ಹಾಕಿ ಬಾ. ಅಲ್ಲಿಗೆ ಮುಗೀತದೆ" ಎಂದ ಗುತ್ತೆಪ್ಪ.

"ಇವತ್ತಿಗೆ ಎಲ್ಲಾ ಮುಗೀತದೆ ಬಿಡಪ್ಪ. ಅವನಿಗೂ ಪೂಜೆ ಐತೆ."

ಗುತ್ತೆಪ್ಪ ನಕ್ಕ. ಭುವನೇಶ್ವರಿಯೂ ನಗಹೋಗಿ ಗಂಡನ ಮುಖ ನೋಡಿದಳು. ಅವನ ಕಣ್ಣು ಜಗುಲಿಯ ಮೇಲಿತ್ತು. ಬಾಳೆಕಂದು ಕಟ್ಟಲು ಹಗ್ಗ ಸಾಕು, ಉದ್ದನೆ ಚೀಲ ಯಾಕೆ? ಅವನು ಪೂಜೆಗಿಡದ ಹಳೇ ಮಚ್ಚು ಹಿಡಿದು ಹಿತ್ತಿಲಿಗೆ ಹೋದದ್ದೇ ತಡ, ಅವಳು ಸೆರಗು ಸಿಕ್ಕಿಸಿ ಮೂರನೇ ಮನೆಗೆ ಓಡಿದಳು.

ಅದು ಆಶಾರಾಣಿಯ ಮನೆ. ಓಣಿಯವರು ಆ ಹೊಸ್ತಿಲು ತುಳಿದು ವರ್ಷವಾಗಿತ್ತು. ಅವಳ ಗಂಡ ಬಕ್ಕೇಶ್ ಮಲೆಬೆನ್ನೂರು ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ತೂಕ ಬರೆಯುತ್ತಿದ್ದ. ಬೈಗುಳ ತಿಂದು ತಿಂದು ಒಂದು ದಿನ ಮನೆಯ ಬಂದೂಕು ಒಯ್ದು ಮ್ಯಾನೇಜರ್ ವಾಮದೇವಪ್ಪನಿಗೆ ಹೊಡೆದ. ನೀರು ಕುಡಿಯಲು ಬಂದಿದ್ದ ಹಮಾಲಿ ಶಿವುಗೂ ಗುಂಡು ತಗುಲಿತು. ಇಬ್ಬರೂ ಅಲ್ಲೇ ಸತ್ತರು. ಬಕ್ಕೇಶ್ ಜೈಲಿನಲ್ಲಿದ್ದಾನೆ. ಊರು ಮಾತ್ರ ಶಿಕ್ಷೆ ಕೊಟ್ಟಿದ್ದು ಅವನ ಹೆಂಡತಿಗೆ. ಅರಿಶಿನ ಕುಂಕುಮಕ್ಕೂ ಯಾರೂ ಕರೆಯುವುದಿಲ್ಲ. ಭುವನೇಶ್ವರಿಯೂ ಕರೆದವಳಲ್ಲ.

"ಅಕ್ಕಾ, ನಿಮ್ಮವರು ಬಂದೂಕು ಒಯ್ಯೋ ಮುಂಚೆ ಏನಾದ್ರೂ ಅಂದಿದ್ರಾ?"

ಆಶಾರಾಣಿ ಬಾಗಿಲು ಹಿಡಿದು ನಿಂತಳು.

"ಅಂದಿದ್ರು. ನಾನು ಚಾ ಸೋಸ್ತಿದ್ದೆ. 'ನಾಳೆಗೆ ಎಲ್ಲಾ ತೀರ್ತದೆ' ಅಂದ್ರು. ನಾನು, ಸಕ್ಕರೆ ಸಾಕಾ ಅಂತ ಕೇಳ್ದೆ. ಆಗ ಶಿವು ಹೆಂಡ್ತಿಗೆ ಏಳು ತಿಂಗಳು, ಭುವನಾ. ಇವತ್ತಿಗೂ ಚಾ ಕುಡಿಯಾಕಾಗಲ್ಲ ನಂಗೆ. ಯಾಕ, ನಿಮ್ಮವರು ಏನಂದ್ರು?"

ಭುವನೇಶ್ವರಿ ಹೇಳಿದ್ದು ಕೇಳಿ ಆಶಾರಾಣಿ ಚಪ್ಪಲಿಯನ್ನೂ ಮೆಟ್ಟಲಿಲ್ಲ. "ನಡಿ" ಎಂದಳು.

ಮನೆಯೊಳಗೆ ಬಂದ ಆಶಾರಾಣಿಯನ್ನು ಕಂಡು ಗುತ್ತೆಪ್ಪ ಮುಖ ಗಂಟಿಕ್ಕಿದ.

"ಮಾವಾ, ಇವರ ಮಾತು ನಂಗೆ ಸರಿ ಕಾಣ್ತಿಲ್ಲ. ಬಂದೂಕು ಪೆಟ್ಟಿಗೆಗೆ ಹಾಕಿ ಬೀಗ ಹಾಕ್ರಿ. ಈಗ್ಲೇ" ಎಂದಳು ಭುವನೇಶ್ವರಿ.

"ಪೂಜೆಗಿಟ್ಟದ್ದು ಕದಲಿಸಿದ್ರೆ ಕೇಡು. ಗಂಡಸು ಸಿಟ್ಟಿನಾಗೆ ನೂರು ಅಂತಾನೆ. ಬೊಗಳೋ ನಾಯಿ ಕಚ್ಚಲ್ಲ."

"ನಮ್ಮ ಮಾವನೂ ಇದೇ ಗಾದೆ ಹೇಳಿದ್ರು, ಯಜಮಾನ್ರೇ" ಎಂದಳು ಆಶಾರಾಣಿ. "ಬಂದೂಕು ಕದಲಿಸಬ್ಯಾಡ್ರಿ. ಗುಂಡಾದ್ರೂ ಒಮ್ಮೆ ಎಣಿಸ್ರಿ."

"ಎಣಿಸೋದೇನು? ನಾನೇ ಕುಂಕುಮ ಹಚ್ಚೀನಿ, ಆರು ಅದಾವೆ" ಎನ್ನುತ್ತ ಅವಳ ಬಾಯಿ ಮುಚ್ಚಿಸಲೆಂದೇ ಡಬ್ಬಿ ತೆರೆದ. ಎಣಿಸಿದ. ಬೆರಳಿಟ್ಟು ಮತ್ತೆ ಎಣಿಸಿದ. ನಾಲ್ಕೇ ಇದ್ದವು.

ಹಿತ್ತಿಲಿನಲ್ಲಿ ಮಚ್ಚಿನ ಸಪ್ಪಳ ನಿಂತಿತು. ಮುದುಕ ಹೂವು ಕಿತ್ತೆಸೆದು ಬಂದೂಕನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಕೀಲಿಯನ್ನು ಸೊಸೆಯ ಕೈಗಿಟ್ಟ. ಗುಂಡಿನ ಡಬ್ಬಿಯನ್ನು ತನ್ನ ಅಂಗಿ ಜೇಬಿಗಿಳಿಸಿದ.

ಹಾಲಸ್ವಾಮಿ ಬಾಳೆಕಂದು ಹೊತ್ತು ಒಳಗೆ ಬಂದ. ಜಗುಲಿ ನೋಡಿದ.

"ಕೀಲಿ ಎಲ್ಲಿ?"

"ಕೊಡಲ್ಲ" ಎಂದಳು ಭುವನೇಶ್ವರಿ. ಮುಷ್ಟಿ ಬಿಡಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

ಆಶಾರಾಣಿ ಆರತಿ ತಟ್ಟೆ ಎತ್ತಿ ಅವನ ಮುಂದೆ ಹಿಡಿದಳು. "ತಮ್ಮಾ, ನನ್ನ ಒಮ್ಮೆ ನೋಡು. ನಾಳೆ ಭುವನಾ ಹೆಂಗಿರ್ತಾಳೆ ಅಂತ ಗೊತ್ತಾಗ್ತದೆ. ಜೇಬಿನಾಗಿರೋದು ಇದರಾಗೆ ಹಾಕು."

ಹಾಲಸ್ವಾಮಿ ಹೆಗಲ ಮೇಲಿನ ಬಾಳೆಕಂದು ಕೆಳಗಿಳಿಸಿದ. ಆಮೇಲೆ ಎರಡು ಗುಂಡು ತೆಗೆದು ತಟ್ಟೆಗೆ ಹಾಕಿದ. ಅವನ ಬೆರಳಿಗೆಲ್ಲ ಕುಂಕುಮ ಹತ್ತಿತ್ತು.

"ಹೊಡೀತಿದ್ನೋ ಇಲ್ವೋ ನಂಗೇ ಗೊತ್ತಿಲ್ಲಪ್ಪ" ಎಂದು ಕುಸಿದು ಕೂತು ಅತ್ತ. ದೊಡ್ಡವನಾದ ಮೇಲೆ ಮಗನ ಮೈ ಮುಟ್ಟಿರದ ಗುತ್ತೆಪ್ಪ ಅವನ ತಲೆಯನ್ನು ಎದೆಗೆ ಒತ್ತಿಕೊಂಡ.

ಎರಡು ಗಂಟೆಯ ಬಸ್ಸು ಹಾಲಸ್ವಾಮಿಯನ್ನು ಬಿಟ್ಟು ಹೋಯಿತು. ಗುತ್ತೆಪ್ಪನೇ ಠಾಣೆಗೆ ಫೋನ್ ಮಾಡಿ ಬಂದೂಕು, ಗುಂಡು ಎರಡನ್ನೂ ಒಪ್ಪಿಸಿದ. ಆಶಾರಾಣಿ ಮನಸ್ಸಿನ ನೋವಿಗೆ ನೆರವಾಗುವ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಹಚ್ಚಿಕೊಟ್ಟಳು. ಆ ಕಡೆಯವರು ಕನ್ನಡದಲ್ಲೇ ಮಾತಾಡಿ, ಹಾಲಸ್ವಾಮಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಮುಂದಿನ ವಾರ ಗಂಡ ಹೆಂಡತಿ ದಾವಣಗೆರೆಗೆ ಹೋಗಿ ಮನೋವೈದ್ಯರನ್ನು ಕಂಡರು. "ನಿಮಗೆ ಹುಚ್ಚಲ್ಲ, ಒಳಗೇ ಬೆಂದಿದ್ದೀರಿ" ಎಂದರು ಡಾಕ್ಟರು. ಗೇಟಿನಲ್ಲಿ ನಿಲ್ಲಿಸಿದ್ದರ ಬಗ್ಗೆ ಕಾರ್ಮಿಕ ಇಲಾಖೆಗೆ ದೂರು ಬರೆದುಕೊಟ್ಟದ್ದೂ ಆಯಿತು.

ಅದಕ್ಕೂ ಮುಂಚೆ, ದಶಮಿಯ ಸಂಜೆ, ಭುವನೇಶ್ವರಿ ಆಶಾರಾಣಿಯ ಹೊಸ್ತಿಲು ದಾಟಿ ಅವಳ ಹಣೆಗೆ ಕುಂಕುಮವಿಟ್ಟಳು. "ಬನ್ನಿ ತಗಂಡು ಬಂಗಾರದಂಗೆ ಇರೋಣ ಅಕ್ಕಾ" ಎಂದು ಬನ್ನಿ ಎಲೆ ಕೊಟ್ಟಳು. ಹಿಂದೆ ಗುತ್ತೆಪ್ಪನೂ ಬನ್ನಿ ಹಿಡಿದು ನಿಂತಿದ್ದ. ವರ್ಷದ ಮೇಲೆ ಆ ಮನೆಗೆ ಬಂದ ಮೊದಲ ಬನ್ನಿ ಅದು. ಆಶಾರಾಣಿ ಎಲೆಯನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಂದೂಕಿದ್ದರೆ ಹಬ್ಬವಿರಲಿ, ಹುಣ್ಣಿಮೆಯಿರಲಿ, ಅದಕ್ಕೊಂದು ಬೀಗ, ಗುಂಡುಗಳಿಗೆ ಬೇರೆಯೇ ಬೀಗ. ಕೆಲಸದ ಜಾಗದಲ್ಲಿ ನೊಂದವರು "ಎಲ್ಲಾ ಮುಗಿಸ್ತೀನಿ" ಎಂದರೆ ನಗಬೇಡಿ. ಅವರ ಪಕ್ಕ ಕೂತು ಮಾತಾಡಿಸಿ. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ದುಡ್ಡು ಬೇಕಿಲ್ಲ. ಅಪಾಯ ಬಾಗಿಲಿಗೇ ಬಂದಿದ್ದರೆ ಪೊಲೀಸರ ತುರ್ತು ನೆರವಿಗೆ 112. ಗಂಡನ ಮರ್ಯಾದೆ ಹೋಗುತ್ತದೆಂದು ಅಂಜಬೇಡಿ, ಹೋದ ಜೀವ ಬರುವುದಿಲ್ಲ.

ಚಾ ಆಮೇಲೆ ಸೋಸಿದರಾಯಿತು. ಮೊದಲು "ಏನಂದ್ರಿ?" ಎಂದು ಕೇಳಿ.