ಆಣೆ ಇಟ್ಟ ಕರಡಿಗೆ

ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಹಡಗು ಕಡಮತ್ ದ್ವೀಪದ ಹೊರಗೆ ಲಂಗರು ಹಾಕಿತು. ಅಲ್ಲಿಂದ ದಡಕ್ಕೆ ಸಣ್ಣ ದೋಣಿ. ಕೊನೆಯ ದೋಣಿ ಸಂಜೆ ಐದಕ್ಕೆ ವಾಪಸು ಹೊರಡುತ್ತದೆ, ತಪ್ಪಿಸಿಕೊಂಡವರಿಗೆ ಹಡಗು ಕಾಯುವುದಿಲ್ಲ ಎಂದು ಮೈಕಿನಲ್ಲಿ ಎರಡು ಸಲ ಹೇಳಿದರು.

ಪ್ರವಾಸ ಬೀಜದ ಕಂಪನಿಯದು. ಹಿಂದಿನ ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜವನ್ನು ಗುರಿ ಮೀರಿ ಮಾರಿದ ಇಪ್ಪತ್ತೆರಡು ಅಂಗಡಿಯವರನ್ನು ಹೆಂಡತಿಯರ ಸಮೇತ ಲಕ್ಷದ್ವೀಪಕ್ಕೆ ಕರೆತಂದಿತ್ತು. ಶಿಕಾರಿಪುರದಿಂದ ಬಂದವರು ಮಲ್ಲಿಕಾರ್ಜುನಪ್ಪ ಮತ್ತು ನಿರ್ಮಲಮ್ಮ ಮಾತ್ರ. ನಿರ್ಮಲಮ್ಮನಿಗೆ ಐವತ್ತಾರು ವರ್ಷ. ಸಮುದ್ರ ನೋಡುತ್ತಿದ್ದುದು ಎರಡನೇ ಸಲ. ಮೊದಲ ಸಲ ನೋಡಿದ್ದು ಮದುವೆಯಾದ ವರ್ಷ, ಮುರುಡೇಶ್ವರದಲ್ಲಿ, ಬಸ್ಸಿನ ಕಿಟಕಿಯಿಂದ.

ಇಲ್ಲಿಯ ನೀರು ಎಷ್ಟು ತಿಳಿಯಾಗಿತ್ತೆಂದರೆ ಎದೆಮಟ್ಟ ಇಳಿದು ನಿಂತವರ ಕಾಲ್ಬೆರಳು ಎಣಿಸಬಹುದಿತ್ತು. ನೀರೊಳಗಿನ ಹವಳ ತೋರಿಸುವ ಹುಡುಗಿ ಜಾಕೆಟ್ ಕಟ್ಟುವ ಮೊದಲು ಕೊರಳಲ್ಲಿರುವುದನ್ನೆಲ್ಲ ತೆಗೆದಿಡಬೇಕು ಎಂದಳು. ನಿರ್ಮಲಮ್ಮ ಹಿಂದೆ ಸರಿದರು. ತೊಟ್ಟಿಲಲ್ಲಿದ್ದಾಗ ಕಟ್ಟಿದ ಇಷ್ಟಲಿಂಗ ಅದು, ಒಂದು ದಿನವೂ ಮೈಯಿಂದ ಬೇರೆ ಮಾಡಿದವರಲ್ಲ. ಮಲ್ಲಿಕಾರ್ಜುನಪ್ಪ ಮಾತ್ರ ಒಂದು ಕ್ಷಣವೂ ಯೋಚಿಸದೆ ಶಿವದಾರವನ್ನು ತಲೆಯ ಮೇಲಿಂದ ಎತ್ತಿ, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಹೆಂಡತಿಯ ಅಂಗೈಗೆ ಹಾಕಿದರು.

"ತೆಗೀತೀರೇನ್ರೀ ಅದನ್ನ?"

"ಲಿಂಗ ಕಟ್ಟಿದಾಕಿ ಕೈಯಾಗೇ ಇರತೈತಲ್ಲ. ಬ್ಯಾರೆಯೋರಿಗೇನು ಕೊಟ್ಟಿಲ್ಲ."

ಪಕ್ಕದಲ್ಲಿ ಜಾಕೆಟ್ ಬಿಗಿಸಿಕೊಳ್ಳುತ್ತಿದ್ದ ಹರಿಹರದ ಅಂಗಡಿಯ ವೀರೇಶ, "ನೋಡ್ರಿ, ಅಣ್ಣಾರು ಇವತ್ತೊಂದಿನ ಭವಿ ಆದ್ರು" ಎಂದು ನಕ್ಕ. ಮಲ್ಲಿಕಾರ್ಜುನಪ್ಪ ಅವನಿಗಿಂತ ಜೋರಾಗಿ ನಕ್ಕು ನೀರಿಗಿಳಿದರು.

ಭವಿ ಎಂದರೆ ಲಿಂಗ ಕಟ್ಟದವರು. ಆ ಮಾತನ್ನು ಮಲ್ಲಿಕಾರ್ಜುನಪ್ಪ ಕೊನೆಯ ಸಲ ಆಡಿದಾಗ ನಕ್ಕಿರಲಿಲ್ಲ. ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಒಬ್ಬಳೇ ಮಗಳು ಬಿಂದುಶ್ರೀ ಸೊರಬದ ರಾಜಕುಮಾರನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗನಿಗೆ ಪಂಪ್‌ಸೆಟ್ ರಿಪೇರಿಯ ಸ್ವಂತ ಅಂಗಡಿ, ಕುಡಿಯುವವನಲ್ಲ, ಸೇದುವವನಲ್ಲ. ಭವಿಗಳ ಮನೆ ಎಂಬುದೊಂದೇ ಕೊರತೆ. ಮಗಳು ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಗ ಮಲ್ಲಿಕಾರ್ಜುನಪ್ಪ ಹೆಂಡತಿಯ ಬಲಗೈ ಎಳೆದು ತಮ್ಮ ಎದೆಯ ಮೇಲಿನ ಕರಡಿಗೆಗೆ ಒತ್ತಿಕೊಂಡಿದ್ದರು. ನನ್ನ ಉಸಿರಿರುವ ತನಕ ನೀನು ಇವಳ ಕೂಡ ಮಾತಾಡುವುದಿಲ್ಲ ಅಂತ ಆಣೆ ಮಾಡಿ ಹೇಳು ಎಂದಿದ್ದರು. ನಿರ್ಮಲಮ್ಮ ಹೇಳಿದ್ದರು. ಬಿಂದುಶ್ರೀ ಪೂರ್ತಿ ಕೇಳಿಸಿಕೊಂಡೇ ಮೆಟ್ಟಿಲಿಳಿದಿದ್ದಳು.

ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಆ ದಾರಿಯನ್ನು ನಿರ್ಮಲಮ್ಮ ಆಮೇಲೆ ತುಳಿಯಲಿಲ್ಲ. ಹೆರಿಗೆಯ ಹಿಂದಿನ ದಿನ ಬಿಂದುಶ್ರೀ ಮೂರು ಸಲ ಫೋನ್ ಮಾಡಿದ್ದಳು. ನಿರ್ಮಲಮ್ಮ ಅಡುಗೆಮನೆಯಲ್ಲಿ ನಿಂತು, ಪರದೆಯ ಮೇಲೆ ಮಗಳ ಹೆಸರು ಬಂದು ಹೋಗುವುದನ್ನು ಮೂರು ಸಲವೂ ನೋಡಿದ್ದರು. ಹೆಣ್ಣು ಮಗು ಎಂದು ತಿಳಿದದ್ದು ಪಕ್ಕದ ಮನೆಯ ರಾಧಮ್ಮನಿಂದ. ಅದಕ್ಕೀಗ ಹತ್ತು ತಿಂಗಳು.

ನಿರ್ಮಲಮ್ಮ ತೆಂಗಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು. ಕರಡಿಗೆಯನ್ನು ನೆಲಕ್ಕಿಡುವಂತಿಲ್ಲ, ಆದ್ದರಿಂದ ಎರಡೂ ಕೈಯಲ್ಲಿ ಹಿಡಿದಿದ್ದರು. ಕೈ ಬದಲಿಸುವಾಗ ಒಳಗೇನೋ ಉರುಳಿದ ಸದ್ದಾಯಿತು. ಲಿಂಗ ಉರುಳಬಾರದು, ವಸ್ತ್ರದಲ್ಲಿ ಬಿಗಿಯಾಗಿ ಸುತ್ತಿರುತ್ತಾರೆ. ಇನ್ನೊಬ್ಬರ ಕರಡಿಗೆ ತೆರೆಯುವ ರೂಢಿ ಯಾರಿಗೂ ಇಲ್ಲ, ಗಂಡನದ್ದಾದರೂ ಅಷ್ಟೇ. ವಸ್ತ್ರ ಸಡಿಲವಾಗಿದ್ದರೆ ಸರಿಮಾಡಿ ಮುಚ್ಚಿಬಿಡೋಣವೆಂದು ಅವರು ಮುಚ್ಚಳ ತಿರುಗಿಸಿದರು.

ಒಳಗೆ ಒಂದಿಷ್ಟು ಹತ್ತಿ, ಒಂದು ಗೋಟಡಿಕೆ.

ಬೆಳಗಿನ ಪೂಜೆಯಲ್ಲಿ ಗಂಡ ಕರಡಿಗೆ ಬಿಚ್ಚದೆ ಬರೀ ಕಣ್ಣಿಗೊತ್ತಿಕೊಂಡು ಏಳುವುದನ್ನು ವರ್ಷಗಟ್ಟಲೆ ನೋಡಿದ್ದರು. ಅಂಗಡಿ ತೆಗೆಯುವ ಅವಸರ ಎಂದುಕೊಂಡಿದ್ದರು.

ಮಲ್ಲಿಕಾರ್ಜುನಪ್ಪ ಹನ್ನೊಂದೂವರೆಗೆ ಮೇಲೆ ಬಂದರು. ಹಳದಿ ಮೀನು, ನೀಲಿ ಮೀನು ಎಂದು ಹೇಳುತ್ತ ತಲೆ ಒರೆಸಿಕೊಂಡು ಕೈ ಚಾಚಿದರು. ನಿರ್ಮಲಮ್ಮ ತೆರೆದ ಕರಡಿಗೆಯನ್ನೇ ಮುಂದೆ ಹಿಡಿದರು.

ಅವರು ಮೊದಲು ನೋಡಿದ್ದು ಸುತ್ತಮುತ್ತ ಯಾರಿದ್ದಾರೆಂದು. ವೀರೇಶ ದೂರದಲ್ಲಿ ಎಳನೀರು ಕುಡಿಯುತ್ತಿದ್ದ. ಆಮೇಲೆ ದನಿ ತಗ್ಗಿಸಿ ಹೇಳಿದರು. ಆರು ವರ್ಷವಾಯಿತಂತೆ. ಡೀಲರುಗಳ ಮೀಟಿಂಗಿಗೆ ಹೋದಾಗ ಲಾಡ್ಜಿನ ಬಚ್ಚಲಲ್ಲಿ ದಾರ ಹರಿದು, ಕರಡಿಗೆ ಬಿದ್ದು ಬಾಯಿಬಿಟ್ಟು, ಲಿಂಗ ಮೋರಿ ಸೇರಿತಂತೆ. ಹೊಸದು ಕಟ್ಟಿಸಿಕೊಳ್ಳಲು ಮಠಕ್ಕೆ ಹೋಗಬೇಕು, ಹೋದರೆ ಊರಿಗೆ ಗೊತ್ತಾಗುತ್ತದೆ. ಆಗ ಅವರು ಸಮಾಜದ ಕಮಿಟಿಯಲ್ಲಿದ್ದರು.

ನಿರ್ಮಲಮ್ಮ ಕೇಳಿದ್ದು ಒಂದೇ. "ಬಿಂದು ಹೋಗೋವಾಗ ನನ್ನ ಕೈ ಇಡಿಸ್ಕಂಡ್ರಲ್ಲ. ಅದು ಈ ಅಡಿಕೆ ಮೇಲಾ?"

"ನೀನು ನಂಬಿದ್ಯಲ್ಲ," ಎಂದರು ಮಲ್ಲಿಕಾರ್ಜುನಪ್ಪ. "ನಂಬಿದ ಮ್ಯಾಲೆ ಆಣಿ ಆಣಿನೇ. ಒಳಗೇನಿದ್ರೇನು?"

ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡು ಊಟಕ್ಕೆ ಹೋದರು. ಸಸ್ಯಾಹಾರದವರಿಗೆ ಬೇರೆ ಸಾಲಿತ್ತು. ಅನ್ನಕ್ಕೆ ಉಪ್ಪಿಲ್ಲದ ಸಾರು ಹಾಕಿದ್ದಾರೆಂದು ಬಡಿಸುವವರ ಮೇಲೆ ರೇಗಿದರು.

ಮೂರು ಗಂಟೆಗೆ ಬ್ಯಾನರು ಹಿಡಿದು ಗುಂಪಿನ ಫೋಟೋ. ನಿರ್ಮಲಮ್ಮ ನಿಲ್ಲಲಿಲ್ಲ. ದೋಣಿಕಟ್ಟೆಯ ಹತ್ತಿರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು. ನಂಬರು ಒತ್ತಿದರು. ನಾಲ್ಕನೇ ರಿಂಗಿಗೆ ಬಿಂದುಶ್ರೀ ಎತ್ತಿದಳು.

"ಅಪ್ಪಾಜಿ ಹೋದ್ರಾ?"

"ಇಲ್ಲ ಕಣೇ. ಚೆನ್ನಾಗಿದಾರೆ. ಫೋಟೋ ತೆಗೆಸ್ಕತಿದಾರೆ."

ಮತ್ತೆ ಯಾಕೆ ಮಾಡಿದೆ ಎಂದು ಮಗಳು ಕೇಳಿದಳು. ನಿರ್ಮಲಮ್ಮ ಕರಡಿಗೆಯ ವಿಷಯ, ಬಚ್ಚಲ ವಿಷಯ, ಅಡಿಕೆಯ ವಿಷಯ ಹೇಳಿದರು. ಆ ಆಣೆ ಆಣೆಯೇ ಆಗಿರಲಿಲ್ಲ, ಇನ್ನು ಮಾತಾಡಬಹುದು ಎಂದರು. ಆ ಕಡೆ ಮಗು ಏನನ್ನೋ ನೆಲಕ್ಕೆ ಬಡಿಯುತ್ತಿತ್ತು.

"ಮೂರು ಸಲ ಮಾಡಿದ್ದೆ ಅಮ್ಮ," ಎಂದಳು ಬಿಂದುಶ್ರೀ. "ಎತ್ತದೆ ಇದ್ದಿದ್ದು ನೀನು. ಅಡಿಕೆ ಅಲ್ಲ."

ಫೋನ್ ಇಟ್ಟಳು.

ಐದಕ್ಕೆ ಕೊನೆಯ ದೋಣಿ ಹೊರಟಿತು. ಗಂಡಹೆಂಡತಿ ಒಂದೇ ಹಲಗೆಯ ಮೇಲೆ ಕುಳಿತಿದ್ದರು. ಫೋಟೋದಲ್ಲಿ ನೀನಿಲ್ಲದೆ ನಾನೊಬ್ಬನೇ ವಿಧುರನ ಹಾಗೆ ನಿಲ್ಲಬೇಕಾಯಿತು ಎಂದು ಮಲ್ಲಿಕಾರ್ಜುನಪ್ಪ ಆಕ್ಷೇಪಿಸಿದರು.

ಐದನೇ ದಿನ ಶಿವಮೊಗ್ಗದಲ್ಲಿ ರೈಲಿಳಿದು ಮಲ್ಲಿಕಾರ್ಜುನಪ್ಪ ಶಿಕಾರಿಪುರದ ಬಸ್ಸು ಹತ್ತಿದರು. ನಿರ್ಮಲಮ್ಮ ಸೊರಬದ ಬಸ್ಸು ಹತ್ತಿದರು. ಬಿಂದುಶ್ರೀ ಬಾಗಿಲು ತೆಗೆದು ಒಳಗೆ ಕರೆದಳು, ಚಹಾ ಕೊಟ್ಟಳು. ಮಗುವನ್ನು ಕೈಗೆ ಕೊಡಲಿಲ್ಲ.