ಮೆಟ್ಟಿಲ ತಿರುವು

ಬಟ್ಟೆಯ ಕಬ್ಬಿಣದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಇನ್ನು ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಅದರ ಮೇಲ್ಗಡೆ ಗುರುಬಸವರಾಜ. ಕೆಳಗಡೆ ಅವನ ಹೆಂಡತಿ ವಾಣಿಶ್ರೀ, ಅವಳ ತಮ್ಮ ಕೊಟ್ರಸ್ವಾಮಿ.

“ನಿಮ್ಮ ಕಡಿ ಒಂಚೂರು ಎತ್ರಿ ಮಾವ,” ಎಂದ ಕೊಟ್ರಸ್ವಾಮಿ.

ಎತ್ತಿದ. ಕಬ್ಬಿಣ ಗೋಡೆಯನ್ನು ಗೀರಿತು, ಅಷ್ಟೆ.

ಹಡಗಲಿಯ ಬಸ್ ನಿಲ್ದಾಣದ ಎದುರಿನ ಈ ಕಟ್ಟಡಕ್ಕೆ ನಕ್ಷೆ ಹಾಕಿದವನು ಗುರುಬಸವರಾಜನೇ. ತುದಿಯ ಎರಡು ಅಂತಸ್ತನ್ನು ಒಂದೇ ಮನೆ ಮಾಡಿ ತನಗೆ ಇಟ್ಟುಕೊಂಡಿದ್ದ. ಊರಿಗೆ ಮೊದಲ ಡ್ಯೂಪ್ಲೆಕ್ಸ್. ಕಣ್ಣಿಗೆ ಚೆಂದ ಕಾಣಲೆಂದು ಒಳಮೆಟ್ಟಿಲನ್ನು ಸಪೂರ ಮಾಡಿದ್ದ. ಹೆಂಡತಿಯ ತವರಿನ ಬೀರನ್ನು, ಕಿಟಕಿಗೆ ಗಾಜು ಕೂರಿಸುವ ಮೊದಲೇ, ಹೊರಗಿನಿಂದ ಹಗ್ಗ ಕಟ್ಟಿ ಮೇಲೆತ್ತಿಸಿದ್ದ. ಅದು ಎಂದಾದರೂ ಇಳಿಯಬೇಕಾದೀತೆಂದು ಅವನಿಗೆ ಹೊಳೆದಿರಲಿಲ್ಲ.

ಮೇಲೆ ಮಲಗುವ ಕೋಣೆ, ಅವನ ಕಚೇರಿ; ಕೆಳಗೆ ಅಡಿಗೆಮನೆ, ಪಡಸಾಲೆ, ವಾಣಿಶ್ರೀ. ಮೊದಮೊದಲು ಊಟಕ್ಕೆ ಕೂಗುತ್ತಿದ್ದಳು. ಆಮೇಲೆ ಫೋನು ಮಾಡತೊಡಗಿದಳು. ಆಮೇಲೆ ತಟ್ಟೆ ಮುಚ್ಚಿಟ್ಟು ಪಡಸಾಲೆಯಲ್ಲೇ ಮಲಗಿಬಿಡುತ್ತಿದ್ದಳು. ಜಗಳ ಆಗಿದ್ದೇ ಇಲ್ಲ. ಜಗಳಕ್ಕಾದರೂ ಇಬ್ಬರೂ ಒಂದೇ ಅಂತಸ್ತಿನಲ್ಲಿರಬೇಕಿತ್ತು. ಹೋದ ವಾರ, ಹರಪನಹಳ್ಳಿಯಲ್ಲಿ ತಾನು ಪಾಠ ಮಾಡುವ ಕಾಲೇಜಿನ ಹತ್ತಿರ ಒಂದು ಕೋಣೆಯ ಮನೆ ಹಿಡಿದಿದ್ದೇನೆ ಎಂದಿದ್ದಳು. ಗಾಳಿ ಬೆಳಕು ಹೇಗಿದೆ ಎಂದು ಅವನು ಕೇಳಿದ್ದ.

ಬೀರಿನ ಕನ್ನಡಿ ಅವನ ಕಡೆಗಿತ್ತು. ಹೆಂಡತಿ ಕಾಣುತ್ತಿರಲಿಲ್ಲ, ಬೆವರಿದ ತನ್ನ ಮುಖವೇ ಕಾಣುತ್ತಿತ್ತು.

“ಯಾವಾಗ ಬರ್ತಿ?” ಎಂದು ಬೀರಿನಾಚೆಗೆ ಕೇಳಿದ.

“ನೋಡೋಣ್ರಿ.”

ಹೋಗಬೇಡ ಎನ್ನಲು ಬಾಯಿ ತೆರೆದ. “ಹುಷಾರು, ಮೂಲಿ ಗ್ವಾಡಿಗೆ ತಾಗೀತು,” ಎಂದ.



“ಇಲ್ಲೇ ಇರ್ಲಿ ಬಿಡಪ್ಪ ತಮ್ಮಾ,” ಎಂದಳು ವಾಣಿಶ್ರೀ. “ಉಡೋ ಅರಿವಿ ತಗೊಂಡೀನಿ. ಸಾಕು.”

ಬೀರು ದಾಟಿ ಮಾವ ಈಚೆ ಬರುವುದು ಹೇಗೆ ಎಂದು ಕೊಟ್ರಸ್ವಾಮಿ ಸಂಕೋಚದಿಂದ ಕೇಳಿದ. ಕಬ್ಬಿಣ ಕೊಯ್ಯುವವರನ್ನು ಕಳಿಸಲೇ ಎಂದ. ಬೇಡ, ತಾನೇ ನೋಡಿಕೊಳ್ಳುತ್ತೇನೆ ಎಂದುಬಿಟ್ಟ ಗುರುಬಸವರಾಜ. ಅವನ ಫೋನು ಕೆಳಗೆ ಚಾರ್ಜಿಗಿತ್ತು. ಅದನ್ನು ಹೇಳಲು ನಾಚಿಕೆಯಾಯಿತು.

ಹೊರಬಾಗಿಲು ಹಾಕಿಕೊಂಡ ಸದ್ದಾಯಿತು. ಆಗ ತಾರಸಿಗೆ ಓಡಿದ. ಬೀದಿಯವರ ಕಣ್ಣು ಒಳಗೆ ಬೀಳಬಾರದೆಂದು ಅಂಚಿನ ಗೋಡೆಯನ್ನು ಕುತ್ತಿಗೆಮಟ್ಟಕ್ಕೆ ಏರಿಸಿದ್ದ. ತುದಿಗಾಲಲ್ಲಿ ನಿಂತು ಇಣುಕಿದ. ಬೀರಿಗೆಂದು ತಂದಿದ್ದ ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಎರಡು ಚೀಲಗಳಷ್ಟೇ ಇದ್ದವು. ವಾಣಿಶ್ರೀ ತಮ್ಮನ ಪಕ್ಕ ಹತ್ತಿ ಕೂತಳು.

“ವಾಣೀ,” ಎಂದ. ದನಿ ಬೇರೆ ಯಾರದೋ ಅನ್ನಿಸಿತು. ಗಾಡಿ ಹರಪನಹಳ್ಳಿ ರಸ್ತೆಗೆ ತಿರುಗಿತು.

ಇನ್ನೊಮ್ಮೆ ಕೂಗಿದ. ಈ ಸಲ ಹೆಸರಿರಲಿಲ್ಲ, ಬರೀ ಕೂಗು.

ಕೆಳಗೆ ಮಲ್ಲಿಗೆ ಮಾರುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಅವಳ ನೋಟ ಅವನನ್ನು ದಾಟಿ ಮೋಡಕ್ಕೆ ಹೋಯಿತು. ಗುಡುಗಿತೆಂದುಕೊಂಡಳೋ ಏನೋ, ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು, ಮೂಲೆ ಮೂಲೆಗೂ ಕಲ್ಲಿಟ್ಟಳು.