ಸದ್ದಿಲ್ಲದ ಡಿಸ್ಕು

ಹೆಣ ಇನ್ನೂ ಮನೆ ಮುಂದಿನ ಬೆಂಚಿನ ಮೇಲಿರುವಾಗಲೇ ನಾಗರಾಜು ಸತ್ತವನ ಕಾರಿನೊಳಗೆ ತಲೆ ತೂರಿಸಿ ಕೂತಿದ್ದ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬಾಯಲ್ಲಿ ಟಾರ್ಚು. ಕಾರಿನ ಜೊತೆಗೇ ಬಂದಿದ್ದ ಕಂಪನಿ ಸೆಟ್ಟಿನ ಕೆಳಗಿನಿಂದ ಒಂದು ಕಪ್ಪು ವೈರು ಇಳಿಬಿದ್ದಿತ್ತು. ಅದರ ತುದಿಗೆ ಹಳೆಯ ಫೋನೊಂದನ್ನು ಸಿಕ್ಕಿಸಿದ್ದರು. ಫೋನಿನಲ್ಲಿ ಪದ ಓಡುತ್ತಿತ್ತು, ಕಾರಿನ ಸ್ಪೀಕರುಗಳು ಮಾತ್ರ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

“ಏನಾಗದೆ ನಾಗರಾಜಣ್ಣ?” ಕೆಂಪರಾಜುವಿನ ಅಳಿಯ ಸ್ವರೂಪ್ ಕಿಟಕಿಯಲ್ಲಿ ಬಗ್ಗಿ ಕೇಳಿದ.

“ತಡಿಯಪ್ಪ, ನೋಡ್ತಾ ಇವ್ನಿ.”

ನೋಡುವುದೇನೂ ಇರಲಿಲ್ಲ. ಸೆಟ್ಟು ಮುಟ್ಟಿದ ಮೊದಲ ನಿಮಿಷಕ್ಕೇ ರೋಗ ಗೊತ್ತಾಗಿತ್ತು. ಒಳಗೆ ಡಿಸ್ಕಿಲ್ಲ. ಆದರೂ ಅವನು ತಲೆ ಹೊರಗೆ ತೆಗೆಯಲಿಲ್ಲ. ತೆಗೆದರೆ ಜನ ಕಾಣುತ್ತಾರೆ. ಬೆಳಿಗ್ಗೆ ಬೆಳಕವಾಡಿಗೆ ಬಂದಾಗಿನಿಂದ ಅವನ ಹೊಟ್ಟೆ ಉರಿಸುತ್ತಿದ್ದುದೇ ಆ ಜನ. ಮಳವಳ್ಳಿ, ಮದ್ದೂರು, ಮಂಡ್ಯ ಎಲ್ಲ ಕಡೆಯಿಂದ ಬಂದ ಕಾರುಗಳು ನಾಲೆ ಏರಿಯವರೆಗೂ ನಿಂತಿದ್ದವು. ಒಬ್ಬ ಕಾರು ಎಲೆಕ್ಟ್ರಿಷಿಯನ್ ಸತ್ತರೆ ಇಷ್ಟು ಜನವೇ? ತಾನು ಸತ್ತರೆ ಎಷ್ಟು ಬಂದಾರು ಎಂದು ನಾಗರಾಜು ಆಗಲೇ ಮನಸ್ಸಿನಲ್ಲಿ ಎಣಿಸಿ ನೋಡಿದ್ದ. ಹೆಂಡತಿ ಕಡೆಯವರನ್ನೆಲ್ಲ ಸೇರಿಸಿಕೊಂಡರೂ ಒಂದು ಶಾಮಿಯಾನ ತುಂಬಿರಲಿಲ್ಲ.

ಕೆಂಪರಾಜು ಮಂಡ್ಯದ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದ್ದು ನಿನ್ನೆ ಸಂಜೆ ಹೋಗಿದ್ದ. ಹೋಗುವ ಮೊದಲು ಹೆಂಡತಿ ಚಲುವಮ್ಮನಿಗೆ ಒಂದೇ ಮಾತು ಹೇಳಿದ್ದನಂತೆ. ತಮಟೆ ಬೇಡ, ನಮ್ಮವ್ವನ ಪದ ಹಾಕಿಕೊಂಡು ನನ್ನ ಕರೆದುಕೊಂಡು ಹೋಗಿ. ಅವನ ಅವ್ವ ಹೊಂಬಾಳಮ್ಮ ತೀರಿ ಒಂಬತ್ತು ವರ್ಷವಾಗಿತ್ತು. ನಾಟಿ ಹಾಕುವಾಗ ಗದ್ದೆಯಲ್ಲಿ ಆಕೆ ಹೇಳುತ್ತಿದ್ದ ಪದಗಳನ್ನು ಮಗ ಈ ಫೋನಿನಲ್ಲಿ ತುಂಬಿಸಿಟ್ಟಿದ್ದ. ದಿನಾ ಬೆಳಿಗ್ಗೆ ಮಳವಳ್ಳಿಯ ಅಂಗಡಿಗೆ ಹೋಗುವಾಗ ಕಾರಿನಲ್ಲಿ ಅದನ್ನೇ ಕೇಳುತ್ತಿದ್ದ.

“ಒಳಗಿದ್ದ ಡಿಸ್ಕು ಯಾರ್ ತಗುದ್ರು?” ನಾಗರಾಜು ಕೊನೆಗೂ ಹೊರಗೆ ಬಂದು ಕೇಳಿದ.

“ನಾನೇ ಕಣಣ್ಣ,” ಎಂದ ಸ್ವರೂಪ್. “ಮಾವ ಆಸ್ಪತ್ರೇಲಿದ್ದಾಗ ಕಾರು ನನ್ ಕೈಲಿತ್ತಲ್ಲ. ಏನ್ ಅದೆ ಅಂತ ಹಾಕ್ದೆ. ಒಂದ್ ಪದಾನೂ ಇಲ್ಲ, ಸುಮ್ನೆ ತಿರುಗ್ತದೆ. ಹಾಳಾಗದೆ ಅಂದ್ಕಂಡು ಒಟ್ಲು ಪಾತಿ ತಾವ ಕಟ್ಬುಟ್ಟೆ. ಗುಬ್ಬಿ ಕಾಟ ಜಾಸ್ತಿಯಾಗಿತ್ತು.”

ಅವನೇ ಭತ್ತದ ಸಸಿಮಡಿಗೆ ಓಡಿಹೋಗಿ, ಗುಬ್ಬಿ ಬೆದರಿಸಲು ಕಡ್ಡಿಗೆ ನೇತುಹಾಕಿದ್ದ ಅದನ್ನು ಬಿಚ್ಚಿಕೊಂಡು ಬಂದ. ಎಂಟು ದಿನ ಬಿಸಿಲು ಗಾಳಿಗೆ ಕಡ್ಡಿಗೆ ಉಜ್ಜಿ ಉಜ್ಜಿ ಡಿಸ್ಕಿನ ಮೈಯೆಲ್ಲ ಗೀರಾಗಿತ್ತು. ನಾಗರಾಜು ಅಂಗಿಯಲ್ಲಿ ಒರೆಸಿ ಸೆಟ್ಟಿಗೆ ತೂರಿಸಿದ. ಸೆಟ್ಟು ಗುರ್ ಎಂದು ಎರಡು ಸಲ ನೋಡಿ ಹೊರಕ್ಕೆ ಉಗುಳಿತು.

ಚಲುವಮ್ಮ ಹೆಂಗಸರ ನಡುವಿನಿಂದ ಎದ್ದು ಬಂದು ನಿಂತಿದ್ದಳು. ಕಣ್ಣು ಊದಿದ್ದವು.

“ಸೆಟ್ಟು ಓಗದೆ ಕಣವ್ವ,” ನಾಗರಾಜು ಕೈ ಕೊಡವಿಕೊಂಡ. “ಕಂಪನಿ ಸೆಟ್ಟು ಬಿಚ್ಚಿ ವೈರ್ ಎಳುದ್ರೆ ಇಂಗೇಯ. ತಮಟೆಯೋರ್ನೇ ಕರ್ಸಿ.”

ಹೇಳುವಾಗ ನಾಲಿಗೆಗೆ ಬೆಲ್ಲ ತಗುಲಿದ ಹಾಗಾಯಿತು. ಮೂವತ್ತು ವರ್ಷದಿಂದ ಈ ಒಂದು ಮಾತಿಗೆ ಅವನು ಕಾದಿದ್ದ. ಕೆಂಪರಾಜುವಿನ ಕೆಲಸ ಕೆಟ್ಟಿತು, ಅದೂ ಊರಿನ ಮುಂದೆ, ಉಸ್ತಾದರ ಮುಂದೆ.

ಉಸ್ತಾದರು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮದ್ದೂರಿನ ಗಫಾರ್ ಸಾಬರು, ಈಗ ಎಂಬತ್ತು ದಾಟಿದವರು. ಕೋಲು ನೆಲಕ್ಕೆ ಕುಟ್ಟಿ ಅಲ್ಲಿಂದಲೇ ಕೂಗಿದರು.

“ಲೇ ನಾಗರಾಜ, ಕೆಂಪ ಮಾಡಿದ್ದು ಕೆಡಲ್ಲ ಕಣೋ. ಇನ್ನೊಂದ್ ಸಲ ನೋಡು.”

ಬೆಲ್ಲ ಅಲ್ಲಿಗೇ ಬೇವಾಯಿತು.

*

ಇಬ್ಬರೂ ಕೆಲಸ ಕಲಿತದ್ದು ಗಫಾರ್ ಸಾಬರ ಹತ್ತಿರವೇ. ಮದ್ದೂರಿನಲ್ಲಿ ರೈಲ್ವೆ ಗೇಟಿನ ಕಡೆ ಅವರ ಅಂಗಡಿ. ಕೊತ್ತತ್ತಿಯ ನಾಗರಾಜು ಮೊದಲು ಸೇರಿದ, ಬೆಳಕವಾಡಿಯ ಕೆಂಪರಾಜು ಆರು ತಿಂಗಳು ತಡವಾಗಿ. ಸೀನಿಯರ್ ತಾನು ಎಂದು ನಾಗರಾಜು ಅವನ ಕೈಲಿ ಟೀ ತರಿಸುತ್ತಿದ್ದ. ಆ ಸುಖ ಬಹಳ ದಿನ ಉಳಿಯಲಿಲ್ಲ.

ಒಂದು ದಿನ ಗಫಾರ್ ಸಾಬರು ಇಬ್ಬರ ಸೋಲ್ಡರಿಂಗನ್ನೂ ಬಿಸಿಲಿಗೆ ಹಿಡಿದು ನೋಡಿದರು. ಕೆಂಪರಾಜು ಹಾಕಿದ ಬೆಸುಗೆ ಸಾಸಿವೆ ಕಾಳಿನಷ್ಟಿತ್ತು, ದುಂಡಗೆ ಹೊಳೆಯುತ್ತಿತ್ತು. ನಾಗರಾಜುವಿನದು ಗೋಡೆಗೆ ಎಸೆದ ಸಗಣಿ.

“ಇವನ ಕೈಯಲ್ಲಿ ಆತುರ ಇಲ್ಲ ನೋಡೋ,” ಎಂದರು ಸಾಬರು. ಅಷ್ಟೇ ಹೇಳಿದ್ದು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ನಾಗರಾಜು ಮರೆಯುತ್ತಿದ್ದನೇನೋ.

ಮುಂದೆ ಇಬ್ಬರೂ ಮಳವಳ್ಳಿಯಲ್ಲಿ ಅಂಗಡಿ ಹಾಕಿದರು, ಒಂದೇ ರಸ್ತೆಯಲ್ಲಿ, ಎದುರುಬದುರು. ನಾಗರಾಜು ಬೋರ್ಡಿಗೆ ಬಣ್ಣದ ಲೈಟು ಹಾಕಿಸಿದ. ಕೆಂಪರಾಜು ಬೋರ್ಡೇ ಹಾಕಲಿಲ್ಲ. ಕಾರುಗಳು ಬೋರ್ಡಿಲ್ಲದ ಅಂಗಡಿಯ ಮುಂದೆಯೇ ನಿಂತವು.

*

ಎಲ್ಲರ ಕೈಗೂ ಹಾಡು ತುಂಬಿದ ಫೋನು ಬಂದಿದ್ದ ಕಾಲ. ಕಾರಿನಲ್ಲಿದ್ದ ಕಂಪನಿ ಸೆಟ್ಟುಗಳಿಗೆ ರೇಡಿಯೋ ಗೊತ್ತು, ಸಿ.ಡಿ. ಗೊತ್ತು, ಫೋನು ಗೊತ್ತಿಲ್ಲ. ವೈರು ಸಿಕ್ಕಿಸಲು ತೂತೇ ಇಲ್ಲ. ಸೆಟ್ಟು ಬಿಸಾಕಿ ಹೊಸದು ಹಾಕಿಸಿ ಎಂದು ನಾಗರಾಜು ಬಂದವರಿಗೆಲ್ಲ ಹೇಳುತ್ತಿದ್ದ. ಕೆಂಪರಾಜು ಹಾಗೆ ಹೇಳಲಿಲ್ಲ. ಸೆಟ್ಟು ಬಿಚ್ಚಿದ. ಸಿ.ಡಿ.ಯ ಹಾಡು ಹರಿದು ಬರುವ ದಾರಿಯನ್ನು ಹುಡುಕಿ, ಅಲ್ಲಿಗೆ ಸಾಸಿವೆ ಕಾಳಿನಷ್ಟು ಬೆಸುಗೆ ಇಟ್ಟು, ಒಂದು ಕಪ್ಪು ವೈರನ್ನು ಹೊರಗೆ ತಂದ. ಫೋನು ಸಿಕ್ಕಿಸಿದರೆ ಹಾಡು.

ನಾಗರಾಜು ಕದ್ದು ನೋಡಿ ತಾನೂ ಹಾಗೆಯೇ ವೈರು ಎಳೆದ. ಹಾಡು ಬರಲಿಲ್ಲ. ಸಿ.ಡಿ. ತಿರುಗುತ್ತಿದ್ದರೆ ಮಾತ್ರ ಸೆಟ್ಟು ಆ ದಾರಿಯನ್ನು ತೆರೆಯುತ್ತಿತ್ತು. ಸಿ.ಡಿ. ಹಾಕಿದರೆ ಅದರ ಹಾಡೂ ಫೋನಿನ ಹಾಡೂ ಕಲಸಿಕೊಂಡು ಸಂತೆಯಾಗುತ್ತಿತ್ತು. ಎದುರು ಅಂಗಡಿಯಿಂದ ಹೊರಟ ಕಾರುಗಳಲ್ಲಿ ಮಾತ್ರ ಒಂದೇ ಹಾಡು, ನೀರಿನ ಹಾಗೆ.

ಒಮ್ಮೆ ಹೈಸ್ಕೂಲಿನ ಶಿವಣ್ಣ ಮೇಷ್ಟ್ರು ಹಾರನ್ ರಿಪೇರಿಗೆ ನಾಗರಾಜುವಿನ ಅಂಗಡಿಗೆ ಬಂದರು. ಕೆಂಪರಾಜು ವೈರು ಹಾಕಿಕೊಟ್ಟಿದ್ದ ಕಾರು. ಮೇಷ್ಟ್ರು ಕಾಫಿಗೆ ಹೋದದ್ದೇ ತಡ, ನಾಗರಾಜು ಸೆಟ್ಟಿನ ಗುಂಡಿ ಒತ್ತಿದ. ಒಂದು ಡಿಸ್ಕು ಹೊರಗೆ ಬಂತು. ಮೇಲೆ ಕಪ್ಪು ಮಾರ್ಕರಿನಲ್ಲಿ ಕೆಂಪರಾಜುವಿನ ದುಂಡು ಅಕ್ಷರ: ‘ತೆಗೀಬೇಡಿ ಮೇಷ್ಟ್ರೇ’. ನಾಗರಾಜು ಅದನ್ನು ತನ್ನ ಡೆಕ್ಕಿಗೆ ಹಾಕಿ ಕೇಳಿದ. ಡಿಸ್ಕು ತಿರುಗಿತು, ಅಂಕಿಗಳು ಓಡಿದವು, ಸದ್ದು ಮಾತ್ರ ಇಲ್ಲ. ಡೆಕ್ಕು ತೋರಿಸಿದ್ದು ಎಪ್ಪತ್ತು ನಿಮಿಷ, ಎಲ್ಲಿ ಒತ್ತಿ ಕೇಳಿದರೂ ಬರೀ ಮೌನ.

ಇಷ್ಟೇನಾ! ತಿರುಗುವ ಡಿಸ್ಕು ದಾರಿ ತೆರೆದುಕೊಡುತ್ತದೆ, ಹಾಡು ಫೋನಿನದೊಂದೇ. ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಇಷ್ಟು ಸಣ್ಣದು ತನಗೇಕೆ ಹೊಳೆಯಲಿಲ್ಲ? ಮೇಷ್ಟ್ರು ಬರುವಷ್ಟರಲ್ಲಿ ಡಿಸ್ಕು ಅವನ ಟೂಲ್ ಬಾಕ್ಸಿನೊಳಗಿತ್ತು.

ಮಾರನೆಯ ದಿನ ಮೇಷ್ಟ್ರು ರಸ್ತೆಯಲ್ಲೇ ಕೆಂಪರಾಜುವಿನ ಮೇಲೆ ಹಾರಾಡಿದರು. “ಮೂರ್ ತಿಂಗ್ಳಿಗೇ ಕೆಟ್ಟೋಯ್ತಲ್ಲಯ್ಯ ನಿನ್ನ ಕೆಲ್ಸ!” ಕೆಂಪರಾಜು ಕಾರಿನೊಳಗೆ ಬಗ್ಗಿ ನೋಡಿ ಎದ್ದ. ಎದುರು ಅಂಗಡಿಯ ಕಡೆ ಒಂದು ಗಳಿಗೆ ನೋಡಿದ. ನಾಗರಾಜು ಬ್ಯಾಟರಿಗೆ ನೀರು ಹುಯ್ಯುತ್ತಾ ತಲೆ ಎತ್ತಲಿಲ್ಲ. “ತಪ್ಪಾಯ್ತು ಮೇಷ್ಟ್ರೇ,” ಎಂದು ಕೆಂಪರಾಜು ಬೇರೆ ಡಿಸ್ಕು ಹಾಕಿಕೊಟ್ಟ.

ಕದ್ದರೂ ದಕ್ಕಲಿಲ್ಲ. ನಾಗರಾಜು ಅಂಗಡಿಯಿಂದ ಹತ್ತು ಖಾಲಿ ಡಿಸ್ಕು ತಂದು ಒಂದೊಂದಾಗಿ ಹಾಕಿದ. ಸೆಟ್ಟು ಒಂದನ್ನೂ ಒಳಗಿಟ್ಟುಕೊಳ್ಳಲಿಲ್ಲ. ಖಾಲಿ ಡಿಸ್ಕು ಬೇರೆ, ಮೌನ ತುಂಬಿಸಿದ ಡಿಸ್ಕು ಬೇರೆ ಎಂಬುದು ಅವನಿಗೆ ತಿಳಿಯಲು ವಾರ ಹಿಡಿಯಿತು. ಕಡೆಗೆ ಕಂಪ್ಯೂಟರ್ ಅಂಗಡಿಗೆ ಹೋಗಿ ಇದರದೇ ಕಾಪಿ ಮಾಡಿಕೊಡು ಎಂದ. ಅಂಗಡಿಯ ಸಂತೋಷ್ ಅದನ್ನು ತಿರುಗಿಸಿ ನೋಡಿ, “ಇದು ಕೆಂಪರಾಜಣ್ಣಂದಲ್ವಾ? ನಾನೇ ಮಾಡ್ಕೊಟ್ಟಿದ್ದು,” ಎಂದ. ನಾಗರಾಜು ಅದನ್ನು ಕಿತ್ತುಕೊಂಡು ಬಂದುಬಿಟ್ಟ. ಮತ್ತೆ ಆ ಕಡೆ ಹೋಗಲಿಲ್ಲ. ಅವನ ಸ್ವಂತ ಕಾರಿನಲ್ಲಿ ಮಾತ್ರ ಅಂದಿನಿಂದ ಆ ಡಿಸ್ಕು ತಿರುಗುತ್ತಿತ್ತು.

*

“ಬ್ಲೂಟೂತ್ ಬಾಕ್ಸ್ ಇಸ್ಕಬತ್ತೀನಿ ಬುಡತ್ತೆ,” ಎಂದ ಸ್ವರೂಪ್.

“ಬ್ಯಾಡ,” ಎಂದಳು ಚಲುವಮ್ಮ. “ಅವ್ರು ಕೈಯಾರೆ ಮಾಡ್ಕಂಡಿದ್ದು ಇದು. ಇದ್ರಲ್ಲೇ ಬರ್ಬೇಕು.” ಆಮೇಲೆ ನಾಗರಾಜುವಿನ ಕಡೆ ತಿರುಗಿದಳು. “ನಿಮ್ಮುನ್ನ ಸುಮ್ನೆ ಕರಿಲಿಲ್ಲ ನಾಗರಾಜಣ್ಣ. ಅವ್ರೇ ಏಳಿದ್ರು. ಸೆಟ್ಟೇನಾರ ನಿಂತೋದ್ರೆ ನಾಗರಾಜುನ್ನ ಕರಿ, ನಂದೊಂದು ಅವನ ತಾವ ಅದೆ ಅಂದ್ರು. ಏನದು ಅಂತ ಕೇಳುದ್ರೆ ನಕ್ಕಂಡು ಕಣ್ ಮುಚ್ಕಂಡ್ರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಗರಾಜುವಿನ ಕೈ ತಾನಾಗಿಯೇ ಜೇಬಿನ ಕಾರ್ ಕೀ ಮೇಲೆ ಹೋಯಿತು.

ಎಲ್ಲ ಗೊತ್ತಿತ್ತು ಕೆಂಪರಾಜುವಿಗೆ. ಎದುರು ಅಂಗಡಿಯಲ್ಲಿ ಹತ್ತು ವರ್ಷ ಕೂತು, ದಿನಾ ಮುಖ ನೋಡಿ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು, ನಾಗರಾಜುವೂ ನಾಲ್ಕು ಮಾತು ಆಡುತ್ತಿದ್ದ, ಸರಿಸಮ ಆಗುತ್ತಿತ್ತು. ಕ್ಷಮಿಸುವುದರಲ್ಲೂ ನನ್ನನ್ನು ಮೀರಿಸಿ ಹೋದನಲ್ಲ ಬಡ್ಡೀಮಗ ಎಂದು ಅವನಿಗೆ ಹೊಟ್ಟೆ ಧಗಧಗ ಉರಿಯಿತು.

ಇಲ್ಲ, ನನ್ನ ಹತ್ತಿರ ಏನೂ ಇಲ್ಲ ಎಂದರೆ ಮುಗಿಯಿತು. ಯಾರೂ ಕೇಳುವುದಿಲ್ಲ. ಕೇಳಬೇಕಾದವನು ಬೆಂಚಿನ ಮೇಲೆ ಮಲಗಿದ್ದಾನೆ. ತಂದರೆ, ಮೇಲೆ ಬರೆದದ್ದನ್ನು ಓದಲು ಬರುವವರೆಲ್ಲ ಇಲ್ಲೇ ಇದ್ದಾರೆ. ಶಿವಣ್ಣ ಮೇಷ್ಟ್ರೂ ಇದ್ದಾರೆ, ಉಸ್ತಾದರೂ ಇದ್ದಾರೆ.

“ಒತ್ತಾಯ್ತು, ಎತ್ರಪ್ಪ,” ಎಂದು ಯಾರೋ ಕೂಗಿದರು. ತಮಟೆಯವರಿಗೆ ಫೋನು ಮಾಡಲು ಸ್ವರೂಪ್ ಆ ಕಡೆ ನಡೆದ.

ಬೆಂಚಿನ ಮೇಲೆ ಕೆಂಪರಾಜುವಿನ ಬಲಗೈ ಹೂವಿನ ಹಾರದಿಂದ ಹೊರಗೆ ಜಾರಿತ್ತು. ಹೆಬ್ಬೆರಳಿನ ತುದಿಯಲ್ಲಿ ಬೆಸುಗೆಯ ಕಾದ ಕಡ್ಡಿ ತಾಗಿ ತಾಗಿ ಕಪ್ಪಾದ ಕಲೆ. ನಾಗರಾಜು ತನ್ನ ಹೆಬ್ಬೆರಳು ನೋಡಿಕೊಂಡ. ಅಂಥದೇ ಕಲೆ ಇತ್ತು.

“ಲೇ ಸ್ವರೂಪ, ತಡಿಲಾ,” ಎಂದ.

ಅವನು ನಾಲೆ ಏರಿಯಲ್ಲಿ ನಿಲ್ಲಿಸಿದ್ದ ತನ್ನ ಕಾರಿನವರೆಗೂ ಹೋಗಿ ಬಂದ. ಹೋಗುವಾಗ ದಾಪುಗಾಲು, ಬರುವಾಗ ಕಾಲು ಎಳೆಯಿತು. ಡಿಸ್ಕನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬರಬಹುದಿತ್ತು. ಯಾಕೋ ಕೈಯಲ್ಲೇ ಹಿಡಿದು ತಂದ. ಕಾರಿನ ಪಕ್ಕದಲ್ಲಿ ನಿಂತಿದ್ದ ಶಿವಣ್ಣ ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ಓದಿದರು.

“ತೆಗೀಬೇಡಿ ಮೇಷ್ಟ್ರೇ... ಅಲ್ಲಯ್ಯ, ಇದು ನನ್ ಕಾರಿಂದಲ್ವಾ?”

“ಊಂ ಮೇಷ್ಟ್ರೇ. ಹತ್ ವರ್ಷದ್ ಕೆಳ್ಗೆ ನಾನೇ ಕದ್ದಿದ್ದು. ನೀವು ಅವನ್ಗೆ ಬೋದ್ರಿ.”

ಮೇಷ್ಟ್ರು ಬೆಂಚಿನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಗಫಾರ್ ಸಾಬರು ಕೋಲೂರಿಕೊಂಡು ಹತ್ತಿರ ಬಂದು ಕೈ ಚಾಚಿದರು. ನಾಗರಾಜು ಡಿಸ್ಕು ಕೊಟ್ಟ. ಅವರು ಅದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಹತ್ತು ವರ್ಷದಲ್ಲಿ ಒಂದು ಗೀರಿಲ್ಲ,” ಎಂದರು. “ಜೋಪಾನವಾಗೇ ಇಟ್ಟಿದೀಯ ಕಣೋ.”

ಬೈದಿದ್ದರೆ ಆಗುತ್ತಿತ್ತು. ನಾಗರಾಜು ಡಿಸ್ಕು ಇಸಿದುಕೊಂಡು ಸೆಟ್ಟಿಗೆ ಹಾಕಿದ. ಸೆಟ್ಟು ಗುರ್ ಎಂದಿತು, ಈ ಸಲ ನುಂಗಿತು. ಹಸಿರು ಅಂಕಿಗಳು ಓಡತೊಡಗಿದವು. ಮರುಕ್ಷಣ ಹೊಂಬಾಳಮ್ಮನ ದನಿ ನಾಲ್ಕೂ ಸ್ಪೀಕರಿನಿಂದ ಅಂಗಳಕ್ಕೆ ಬಂತು. ಹಿಂದೆ ನಾಟಿಯವರ ಸೊಲ್ಲು, ಕೆಸರಿನಲ್ಲಿ ಕಾಲು ಕೀಳುವ ಸದ್ದು, ನಡುವೆ ಎಲ್ಲೋ ಫೋನು ಹಿಡಿದು ನಿಂತಿದ್ದ ಕೆಂಪರಾಜುವಿನ ಕೆಮ್ಮು. ಚಲುವಮ್ಮ ಕಾರಿನ ಬಾಗಿಲು ಹಿಡಿದುಕೊಂಡು ಜೋರಾಗಿ ಅತ್ತಳು.

ಹೆಣ ಎತ್ತಿದರು. ಕಾರು ಮುಂದೆ, ಚಟ್ಟ ಹಿಂದೆ. ಕಾರನ್ನು ನಡಿಗೆಯ ವೇಗದಲ್ಲಿ ಓಡಿಸಿದ್ದು ನಾಗರಾಜುವೇ. ಬೇರೆ ಯಾರಿಗೂ ಅವನು ಸ್ಟೀರಿಂಗು ಬಿಟ್ಟುಕೊಡಲಿಲ್ಲ. ಹಳ್ಳ ದಿಣ್ಣೆ ಬಂದಾಗಲೆಲ್ಲ ಡಿಸ್ಕು ಎಗರೀತು ಎಂದು ಉಸಿರು ಬಿಗಿಹಿಡಿದ. ಪದ ಒಂದು ಸಲವೂ ತಡವರಿಸಲಿಲ್ಲ. ಇದು ನನ್ನಿಂದ ಆಗುವ ಕೆಲಸ ಅಲ್ಲ ಕಣೋ ಕೆಂಪ ಎಂದು ದಾರಿಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ. ಪದದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಹೊಲದ ಮೂಲೆಯಲ್ಲಿ ಅವ್ವನ ಪಕ್ಕಕ್ಕೇ ಗುಂಡಿ ತೆಗೆದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಗಫಾರ್ ಸಾಬರು ಮೂರು ಹಿಡಿ. ನಾಗರಾಜು ಕೊನೆಯವನಾಗಿ ಹಾಕಿ, ಜನ ನಾಲೆಯಲ್ಲಿ ಕೈಕಾಲು ತೊಳೆಯಲು ಇಳಿದ ಮೇಲೆ ಕಾರಿನ ಹತ್ತಿರ ಬಂದ. ಚಲುವಮ್ಮ ಫೋನನ್ನು ವೈರಿನಿಂದ ಬಿಡಿಸಿ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು.

“ನಿಮ್ಮುದು ತಗಳಿ ನಾಗರಾಜಣ್ಣ. ಮಳವಳ್ಳಿಗಂಟ ಪದ ಇಲ್ದೆ ಎಂಗ್ ಓದೀರಿ?”

“ನಂದಲ್ಲ ಕಣವ್ವ ಅದು.”

ಅವಳು ಹೆಂಗಸರ ಜೊತೆ ನಡೆದುಹೋದಳು. ನಾಗರಾಜು ಸೆಟ್ಟು ಆರಿಸಲು ಕೈ ಚಾಚಿದವನು ಹಾಗೆಯೇ ನಿಂತ. ಕಪ್ಪು ವೈರಿನ ತುದಿ ಖಾಲಿ ತೂಗುತ್ತಿತ್ತು. ಒಳಗೆ ಡಿಸ್ಕು ಸದ್ದಿಲ್ಲದೆ ತಿರುಗುತ್ತಲೇ ಇತ್ತು, ಹಸಿರು ಅಂಕಿಗಳು ಓಡುತ್ತಲೇ ಇದ್ದವು: ನಲವತ್ತೊಂದು ನಿಮಿಷ ಹನ್ನೆರಡು ಸೆಕೆಂಡು, ಹದಿಮೂರು, ಹದಿನಾಲ್ಕು.